ಹಂಗಿಲ್ಲದ ದಾರಿ

ಇನ್ನೊಬ್ಬರ ಹೊಲದ ನಡುವೆ ಜನ ಇಪ್ಪತ್ತು ವರ್ಷ ತಡೆಯಿಲ್ಲದೆ ನಡೆದಾಡಿದರೆ ಅಲ್ಲೊಂದು ದಾರಿಯ ಹಕ್ಕು ಹುಟ್ಟುತ್ತದೆ. ಆದರೆ ಆ ಇಪ್ಪತ್ತು ವರ್ಷವೂ ಅವರು ಹೊಲದವನನ್ನು ಕೇಳಿ, ಅವನ ಒಪ್ಪಿಗೆ ಪಡೆದು ನಡೆದಿದ್ದರೆ ಹುಟ್ಟುವುದಿಲ್ಲ. ಇದು ಇಂಗ್ಲೆಂಡಿನ ಕಾನೂನು. ಮೊದಲ ಸಲ ಕೇಳಿದಾಗ ತಲೆಕೆಳಗಾದ ಮಾತಿನಂತೆ ಕಾಣುತ್ತದೆ. ಕೇಳಿ ಮುಟ್ಟು, ಕೇಳಿ ತಗೋ, ಕೇಳಿ ಒಳಗೆ ಬಾ ಎಂದೇ ನಮ್ಮನ್ನೆಲ್ಲ ಬೆಳೆಸಿದ್ದು. ಕೇಳಿದವನಿಗೆ ಏನೂ ಸಿಗದೆ, ಕೇಳದೆ ನಡೆದವನಿಗೆ ಹಕ್ಕು ಸಿಗುವುದಾದರೆ ಅದು ಯಾವ ನ್ಯಾಯ?

ಕಾನೂನಿನ ಷರತ್ತು ಮೂರು. ಬಲವಂತದಿಂದ ನಡೆದಿರಬಾರದು, ಅಂದರೆ ಬೇಲಿ ಮುರಿದು, ಬೀಗ ಒಡೆದು ಹೋಗಿರಬಾರದು. ಕದ್ದುಮುಚ್ಚಿ ನಡೆದಿರಬಾರದು. ಅನುಮತಿ ಪಡೆದೂ ನಡೆದಿರಬಾರದು. ಈ ಮೂರನ್ನೂ ಇಂಗ್ಲಿಷರು ರೋಮನ್ನರಿಂದ ಎರವಲು ತಂದರು. ಮೂರನೆಯದಕ್ಕೆ ಲ್ಯಾಟಿನ್ನಿನಲ್ಲಿ ಇರುವ ಪದ ‘ಪ್ರಿಕಾರಿಯೊ’. ಬೇಡಿಕೊಂಡು ಪಡೆದದ್ದು ಎಂದು ಅರ್ಥ. ಇಂಗ್ಲಿಷಿನ ‘ಪ್ರಿಕೇರಿಯಸ್’ ಅದೇ ಬೇರಿನಿಂದ ಬಂದ ಪದ. ಬೇಡಿ ಪಡೆದದ್ದು ಯಾವತ್ತಿಗೂ ಅಲುಗಾಡುತ್ತಲೇ ಇರುತ್ತದೆ, ಕೊಟ್ಟವನು ಮನಸ್ಸು ಬದಲಿಸಿದ ದಿನ ಬಿದ್ದುಹೋಗುತ್ತದೆ ಎಂಬ ಅನುಭವ ಆ ಪದದೊಳಗೇ ಕೂತಿದೆ.

ಈ ಅನುಭವಕ್ಕೆ ನಮ್ಮ ಭಾಷೆಯಲ್ಲಿ ಇನ್ನೂ ಒಳ್ಳೆಯ ಪದವಿದೆ: ಹಂಗು. ಸಾಲ ತೀರಿಸಬಹುದು, ಹಂಗು ತೀರುವುದಿಲ್ಲ. ಹಂಗಿನಲ್ಲಿರುವವನು ಕೊಟ್ಟವನ ಮುಖ ನೋಡಿಕೊಂಡು ನಡೆಯಬೇಕು. ಮೂರನೆಯ ಷರತ್ತನ್ನು ‘ಹಂಗಿನಿಂದ ನಡೆದಿರಬಾರದು’ ಎಂದು ಓದಿಕೊಂಡರೆ ಕಾನೂನು ಅಷ್ಟೇನೂ ತಲೆಕೆಳಗಾಗಿ ಕಾಣುವುದಿಲ್ಲ. ಆದರೂ ಪ್ರಶ್ನೆ ಉಳಿಯುತ್ತದೆ. ಹಂಗಿಲ್ಲದೆ ಇನ್ನೊಬ್ಬರ ನೆಲದ ಮೇಲೆ ನಡೆಯುವುದು ಸರಿಯೇ? ಹಾಗೆ ನಡೆಯುವವನು ನೆಲದ ಒಡೆಯನಿಗೆ ಏನು ಸಲ್ಲಿಸಬೇಕು?

ನನ್ನ ಮಟ್ಟಿಗೆ ಈ ಪ್ರಶ್ನೆ ಎದ್ದದ್ದು ಪುಸ್ತಕದಿಂದಲ್ಲ, ಸುಣ್ಣಕಲ್ಲಿನ ಒಂದು ಪ್ರಸ್ಥಭೂಮಿಯ ಮೇಲೆ ನಡೆದದ್ದರಿಂದ.

*

ಕಚೇರಿಯ ಕೆಲಸದ ಮೇಲೆ ಪುಣೆಯಿಂದ ಕೆಲವು ತಿಂಗಳ ಮಟ್ಟಿಗೆ ಇಂಗ್ಲೆಂಡಿನ ಡರ್ಬಿ ನಗರಕ್ಕೆ ಹೋಗಿದ್ದೆ. ಅಲ್ಲಿಂದ ವಾಯವ್ಯಕ್ಕೆ ಪೀಕ್ ಡಿಸ್ಟ್ರಿಕ್ಟ್ ಇದೆ. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಪ್ರದೇಶ. ಉದ್ಯಾನ ಎಂದ ಕೂಡಲೇ ನಾಗರಹೊಳೆ, ಬಂಡೀಪುರ ನೆನಪಿಸಿಕೊಳ್ಳಬಾರದು. ಇಲ್ಲಿ ಹಳ್ಳಿಗಳಿವೆ, ಹೊಲಗಳಿವೆ, ಹಸು ಕುರಿಗಳಿವೆ, ನೆಲದ ಬಹುಪಾಲು ಖಾಸಗಿಯವರದು. ಇದರ ದಕ್ಷಿಣ ಭಾಗಕ್ಕೆ ವೈಟ್ ಪೀಕ್ ಎಂದು ಹೆಸರು. ಸುಮಾರು 33 ಕೋಟಿ ವರ್ಷಗಳ ಹಿಂದೆ ಬೆಚ್ಚಗಿನ, ಆಳವಿಲ್ಲದ ಸಮುದ್ರದ ತಳದಲ್ಲಿ ಜೀವಿಗಳ ಚಿಪ್ಪು ಮೂಳೆಗಳು ಕೂತು ಗಟ್ಟಿಯಾದ ಸುಣ್ಣಕಲ್ಲು ಈಗ ಸಮುದ್ರಮಟ್ಟದಿಂದ 300 ಮೀಟರಿನಷ್ಟು ಎತ್ತರದ ಹುಲ್ಲುಬಯಲಾಗಿದೆ. ಗೋಡೆಯ ಕಲ್ಲನ್ನು ಹತ್ತಿರದಿಂದ ನೋಡಿದರೆ ಪುಟ್ಟ ಗಾಲಿಗಳನ್ನು ಜೋಡಿಸಿಟ್ಟಂತೆ ಕಾಣುವ ಕ್ರೈನಾಯ್ಡ್ ಎಂಬ ಕಡಲಜೀವಿಯ ಪಳೆಯುಳಿಕೆಗಳು ಕಾಣುತ್ತವೆ.

ಮೇ ತಿಂಗಳ ಒಂದು ಶನಿವಾರ ನಾನೂ ಸೇಡಂ ಕಡೆಯ ಒಬ್ಬ ಸಹೋದ್ಯೋಗಿಯೂ ಮೊನ್ಯಾಶ್ ಎಂಬ ಹಳ್ಳಿಯಿಂದ ಹೊರಟೆವು. ಒಂದು ಸುತ್ತು ಹಾಕಿ ಅದೇ ಹಳ್ಳಿಗೆ ಮರಳುವುದು. ಹೊಲಗಳನ್ನು ದಾಟಿ, ಕೇಲ್ಸ್ ಡೇಲ್ ಎಂಬ ಸಣ್ಣ ಕಣಿವೆ ಇಳಿದು ಹತ್ತಿ, ಯೂಲ್‌ಗ್ರೇವ್ ಹಳ್ಳಿ, ಅಲ್ಲಿಂದ ಓವರ್ ಹ್ಯಾಡನ್, ಆಮೇಲೆ ಲ್ಯಾತ್‌ಕಿಲ್ ಕಣಿವೆಯ ಗುಂಟ ಮತ್ತೆ ಮೊನ್ಯಾಶ್. ಒಟ್ಟು ಹದಿನಾರು ಹದಿನೇಳು ಕಿಲೋಮೀಟರ್. ಎಲ್ಲಿಗೂ ಹೋಗದ ಪ್ರಯಾಣ ಅದು. ಸಂತೆಗಲ್ಲ, ನೆಂಟರ ಮನೆಗಲ್ಲ, ದೇವರಿಗೆ ಹೊತ್ತ ಹರಕೆಯೂ ಅಲ್ಲ.

ಸುಣ್ಣಕಲ್ಲು ನೀರು ನಿಲ್ಲಿಸಿಕೊಳ್ಳುವುದಿಲ್ಲ. ಮಳೆ ಬಿದ್ದದ್ದೆಲ್ಲ ಬಿರುಕುಗಳಲ್ಲಿ ಇಳಿದು ಹೋಗುತ್ತದೆ. ಮೊನ್ಯಾಶ್‌ನ ಅಡಿಯಲ್ಲಿ ಜೇಡಿಮಣ್ಣಿನ ಒಂದು ಪದರವಿದ್ದುದರಿಂದ ಅಲ್ಲಿ ಹೊಂಡಗಳಲ್ಲಿ ನೀರು ನಿಂತಿತು. ನೀರು ನಿಂತಲ್ಲಿ ಊರು ನಿಂತಿತು. ಈಗ ಅಂಥ ಹೊಂಡ ಒಂದೇ ಉಳಿದಿದೆ. 1340ರಲ್ಲಿ ಸಂತೆ ನಡೆಸಲು ರಾಜನ ಸನ್ನದು ಪಡೆದ ಊರಿದು. ಅಲ್ಲಿಂದ ಹೊರಬಿದ್ದ ಸ್ವಲ್ಪ ಹೊತ್ತಿಗೆ ಗೋಡೆಗಳು ಶುರುವಾದವು. ಗಾರೆ ಇಲ್ಲ, ಮಣ್ಣು ಇಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಎದೆಮಟ್ಟದ ಗೋಡೆಗಳು. ಕಣ್ಣು ಹಾಯಿಸಿದಷ್ಟು ದೂರ ಹಸಿರು ಬಟ್ಟೆಗೆ ಹಾಕಿದ ಬಿಳಿ ಹೊಲಿಗೆಯಂತೆ. ನನ್ನ ಗೆಳೆಯ ಕಲ್ಲು ತಟ್ಟಿ ನೋಡಿ, “ಇದು ನಮ್ಮ ಫರ್ಸಿ ಕಲ್ಲಿನ ಬಳಗಾನೇ ಅದ ನೋಡ್ರಿ” ಅಂದರು. ಸರಿಯೇ. ಪುಣೆ, ಮುಂಬೈ, ಹೈದರಾಬಾದಿನ ಹಳೆಯ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದಿ ಕಲ್ಲು ಕೂಡ ಸುಣ್ಣಕಲ್ಲೇ.

ಮೊದಲ ಗೋಡೆಯಲ್ಲಿ ಒಂದು ಕಿಂಡಿ. ಎರಡು ನೀಳ ಕಲ್ಲುಗಳ ನಡುವೆ ಮನುಷ್ಯ ಅಡ್ಡಡ್ಡವಾಗಿ ತೂರಬಹುದು, ಕುರಿ ತೂರಲಾರದು. ನಮ್ಮ ಮಲೆನಾಡಿನ ಕಡೆ ಇಂಥದ್ದನ್ನು ತಡಬೆ ಅನ್ನುತ್ತೇವೆ. ಬೇಲಿ ದಾಟಲು ಇಟ್ಟ ಕಲ್ಲೋ ಮರವೋ. ಪಕ್ಕದಲ್ಲಿ ಒಂದು ಕಂಬ, ಅದರ ಮೇಲೆ ‘ಪಬ್ಲಿಕ್ ಫುಟ್‌ಪಾತ್’ ಎಂಬ ಕೈಮರ. ಆಚೆ ಮಾತ್ರ ಯಾರದ್ದೋ ಹೊಲ, ಯಾರದ್ದೋ ಕುರಿಗಳು.

ಗೆಳೆಯರು ನಿಂತುಬಿಟ್ಟರು. “ಸರ, ಇದು ಯಾರ್ದೋ ಹೊಲ ಅದ. ಕೇಳಲಾರದೇ ಹ್ಯಾಂಗ ಹೋಗೋದ್ರಿ?”

“ಬೋರ್ಡ್ ಇದೆಯಲ್ಲ.”

“ಬೋರ್ಡ್ ಹಾಕ್ದವ್ರು ಹೊಲದವ್ರೇನು?”

ಅಲ್ಲ. ಬೋರ್ಡು ಹಾಕಿದ್ದು ಕೌಂಟಿ ಕೌನ್ಸಿಲ್, ಅಂದರೆ ಅಲ್ಲಿನ ಜಿಲ್ಲಾಡಳಿತ. ಅವರ ಪ್ರಶ್ನೆ ಇಡೀ ವಿಷಯದ ಬುಡಕ್ಕೇ ಕೈ ಹಾಕಿತ್ತು.

*

ನಮ್ಮ ನಗರಗಳಲ್ಲಿ ಫುಟ್‌ಪಾತ್ ಎಂದರೆ ಬೈಕು ನಿಲ್ಲಿಸುವ ಜಾಗ. ಅಲ್ಲಿ ಅದು ಹೊಲ, ಹುಲ್ಲುಗಾವಲು, ಕಾಡು, ಕೆಲವೊಮ್ಮೆ ಮನೆಯಂಗಳವನ್ನೇ ಹಾದುಹೋಗುವ ಕಾಲುದಾರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾರ್ವಜನಿಕರಿಗೆ ನಡೆಯುವ ಹಕ್ಕಿರುವ ಇಂಥ ದಾರಿಗಳ ಉದ್ದ ಸುಮಾರು 2,25,000 ಕಿಲೋಮೀಟರ್. ನೆಲ ಒಡೆಯನದು, ಅದರ ಮೇಲೆ ನಡೆಯುವ ಹಕ್ಕು ಎಲ್ಲರದು. ಹೊಲದವನು ಉತ್ತರೆ ಹದಿನಾಲ್ಕು ದಿನದೊಳಗೆ ದಾರಿಯನ್ನು ಮತ್ತೆ ನಡೆಯುವಂತೆ ಮಾಡಿಕೊಡಬೇಕು, ಬೆಳೆಯ ನಡುವೆ ಕಡಿಮೆಯೆಂದರೆ ಒಂದು ಮೀಟರ್ ಅಗಲ ಬಿಡಬೇಕು. ತಡಬೆ, ಗೇಟುಗಳನ್ನು ಸರಿಯಾಗಿಡುವುದೂ ಅವನ ಹೊಣೆ. ಖರ್ಚಿನಲ್ಲಿ ಕಾಲುಭಾಗವನ್ನಾದರೂ ಕೌನ್ಸಿಲ್ ಕೊಡುತ್ತದೆ.

ಈ ದಾರಿಗಳಲ್ಲಿ ಎಷ್ಟನ್ನೋ ಯಾರೂ ‘ಮಾಡಲಿಲ್ಲ’. ಹಳ್ಳಿಯಿಂದ ಇಗರ್ಜಿಗೆ, ಗಣಿಗೆ, ಗಿರಣಿಗೆ, ಪಕ್ಕದೂರಿಗೆ ಜನ ನಡೆದರು, ಹುಲ್ಲು ಸವೆಯಿತು. ಸವೆದದ್ದು ಕಾಲಾಂತರದಲ್ಲಿ ಹಕ್ಕಾಯಿತು. 1949ರ ಕಾಯಿದೆ ಪ್ರತಿ ಕೌಂಟಿಯೂ ಇಂಥ ದಾರಿಗಳ ಅಧಿಕೃತ ನಕಾಶೆ ತಯಾರಿಸಬೇಕೆಂದಿತು. ಒಮ್ಮೆ ನಕಾಶೆಗೆ ಸೇರಿದ ದಾರಿ, ಯಾರೂ ನಡೆಯದಿದ್ದರೂ, ಕಾನೂನಿನ ಕ್ರಮದಲ್ಲಿ ಮುಚ್ಚುವವರೆಗೆ ದಾರಿಯೇ. ‘ಒಮ್ಮೆ ದಾರಿಯಾದದ್ದು ಎಂದೆಂದಿಗೂ ದಾರಿ’ ಎಂಬುದು ಅಲ್ಲಿನ ನ್ಯಾಯಾಲಯಗಳ ಹಳೆಯ ಸೂತ್ರ.

ಬಳಕೆಯಿಂದ ಹಕ್ಕು ಹುಟ್ಟುವುದು ಆ ಪ್ರಸ್ಥಭೂಮಿಗೆ ಹೊಸದೂ ಅಲ್ಲ. ದಾರಿಯುದ್ದಕ್ಕೂ ಹುಲ್ಲಿನ ಕೆಳಗೆ ಗುಡ್ಡೆಗುಡ್ಡೆಯಾಗಿ ಉಬ್ಬಿರುವುದು ಹಳೆಯ ಸೀಸದ ಗಣಿಗಳ ಮಣ್ಣು. 1288ರಲ್ಲೇ ವಿಚಾರಣೆ ನಡೆಸಿ ಬರೆದಿಟ್ಟ ರೂಢಿಯಂತೆ, ಅಲ್ಲಿ ಯಾರು ಬೇಕಾದರೂ ಯಾರ ನೆಲದಲ್ಲಿ ಬೇಕಾದರೂ ಸೀಸ ಹುಡುಕಬಹುದಿತ್ತು. ಇಗರ್ಜಿಯ ಅಂಗಳ, ತೋಟ, ಹೆದ್ದಾರಿಗಳಂಥ ಕೆಲವು ಜಾಗ ಬಿಟ್ಟು. ಸಿಕ್ಕರೆ ಅಗೆಯುವ ಹಕ್ಕು ಹುಡುಕಿದವನದು. ಆದರೆ ಅಗೆಯುತ್ತಲೇ ಇರಬೇಕು. ಕೆಲಸ ನಿಂತ ಗಣಿಯ ಬಾಯಿಯಲ್ಲಿರುವ ಮರದ ರಾಟೆಗೆ ಬಾರ್‌ಮಾಸ್ಟರ್ ಎಂಬ ಅಧಿಕಾರಿ ಬಂದು ಒಂದು ಕಚ್ಚು ಹಾಕುತ್ತಿದ್ದ. ಮೂರು ಕಚ್ಚು ಬಿದ್ದರೆ ಗಣಿ ಬೇರೆಯವನ ಪಾಲು. ಈ ವ್ಯವಹಾರ ನೋಡಿಕೊಳ್ಳುವ ಬಾರ್‌ಮೋಟ್ ನ್ಯಾಯಾಲಯ ವರ್ಕ್ಸ್‌ವರ್ತ್ ಊರಿನಲ್ಲಿ ಈಗಲೂ ವರ್ಷಕ್ಕೊಮ್ಮೆ ಸೇರುತ್ತದೆ.

ಇಷ್ಟು ಕೇಳಿ ಆ ನೆಲ ಬಡವರ ಸ್ವರ್ಗವಾಗಿತ್ತು ಅಂದುಕೊಳ್ಳಬೇಕಿಲ್ಲ. ಬಿಳಿ ಹೊಲಿಗೆಯಂತೆ ಕಾಣುವ ಆ ಗೋಡೆಗಳಲ್ಲಿ ಬಹಳಷ್ಟು 18ನೇ ಶತಮಾನದ ಕೊನೆ ಮತ್ತು 19ರ ಆರಂಭದಲ್ಲಿ ಎದ್ದವು. ಅದಕ್ಕೆ ಮೊದಲು ಊರವರೆಲ್ಲ ದನ ಕುರಿ ಮೇಯಿಸುತ್ತಿದ್ದ ಗೋಮಾಳದಂಥ ನೆಲವನ್ನು ಪಾರ್ಲಿಮೆಂಟಿನ ಕಾಯಿದೆಗಳ ಮೂಲಕ ಹಂಚಿ, ಅಳೆದು, ಗೋಡೆ ಹಾಕಿದರು. ಕಾಗದಪತ್ರ ಇದ್ದವರಿಗೆ ಹೊಲ ಬಂತು. ಒಂದು ಹಸು ಕಟ್ಟಿಕೊಂಡು, ‘ಅಜ್ಜನ ಕಾಲದಿಂದ ಮೇಯಿಸ್ತಾ ಇದ್ದೇವೆ’ ಎಂಬುದೊಂದೇ ದಾಖಲೆಯಾಗಿದ್ದವರ ಪೈಕಿ ಎಷ್ಟೋ ಜನರಿಗೆ ಏನೂ ಬರಲಿಲ್ಲ. ಅವರ ಬಳಕೆಯನ್ನು ಹಕ್ಕಲ್ಲ, ದೊಡ್ಡವರು ಇಷ್ಟು ದಿನ ಸುಮ್ಮನಿದ್ದ ಔದಾರ್ಯ ಎಂದು ಎಣಿಸಲಾಯಿತು. ಹಕ್ಕನ್ನು ಹಂಗು ಎಂದು ಕರೆದರೆ ಅದನ್ನು ಕಿತ್ತುಕೊಳ್ಳುವುದು ಎಷ್ಟು ಸುಲಭ! ಎಷ್ಟೋ ಕಡೆ ಆ ಗೋಡೆಗಳಲ್ಲಿ ಉಳಿದದ್ದು ಒಂದು ಕಿಂಡಿ, ಅದರಲ್ಲಿ ತೂರಿಹೋಗುವ ಕಾಲುದಾರಿ.

*

ಕೇಲ್ಸ್ ಡೇಲ್‌ನ ಕಡಿದಾದ ಮೆಟ್ಟಿಲು ಹತ್ತಿ ಮೇಲೆ ಬಂದು, ಕೆಲವು ಹೊಲ ದಾಟಿದಲ್ಲಿ ರೈತನೊಬ್ಬ ಬಿದ್ದ ಗೋಡೆಯನ್ನು ಎತ್ತಿ ಕಟ್ಟುತ್ತಿದ್ದ. ಅರವತ್ತು ದಾಟಿದ ವಯಸ್ಸು. ಗೆಳೆಯರಿಗೆ ಬೆಳಗಿನಿಂದ ಮನಸ್ಸಿನಲ್ಲಿದ್ದ ಅಳುಕು ತೀರಿಸಿಕೊಳ್ಳಲು ಒಬ್ಬ ಮಾಲೀಕ ಸಿಕ್ಕಂತಾಯಿತು. ನಿಮ್ಮ ಹೊಲದಲ್ಲಿ ಹಾದುಹೋಗಲು ಬಿಟ್ಟದ್ದಕ್ಕೆ ಬಹಳ ಉಪಕಾರವಾಯಿತು ಎಂದರು.

ಆತ ಕಲ್ಲು ಕೆಳಗಿಟ್ಟ. “ನಾನು ಬಿಟ್ಟಿಲ್ಲ. ಬಿಡಲು, ಬಿಡದಿರಲು ಅದು ನನ್ನ ಕೈಯಲ್ಲಿಲ್ಲ. ನೀವು ನನ್ನ ಅತಿಥಿಗಳಲ್ಲ. ಅತಿಥಿಗಳಾಗಿದ್ದರೆ ಚಹಾ ಮಾಡಿಕೊಡಬೇಕಾಗುತ್ತಿತ್ತು.” ನಕ್ಕ. ಆಮೇಲೆ ನಗು ನಿಲ್ಲಿಸಿ, “ಹಿಂದಿನ ಗೇಟು ಹಾಕಿದಿರಿ ತಾನೆ?” ಅಂದ.

ಹಾಕಿದ್ದೆವು. ಅಲ್ಲಿಂದ ಇಪ್ಪತ್ತು ನಿಮಿಷ ಮಾತು ನಡೆಯಿತು. ಕುರಿಗಳ ಮೇಲೆ ನಾಯಿ ಬಿಡುವವರ ಬಗ್ಗೆ, ಹುಲ್ಲು ಕೊಯ್ಲಿಗೆ ಬರುವ ಮೊದಲು ಅದರ ನಡುವೆ ಅಗಲಕ್ಕೆ ಹರಡಿಕೊಂಡು ನಡೆಯುವವರ ಬಗ್ಗೆ ಆತ ಹೇಳಿದ. ಗೆಳೆಯರು ಸೇಡಂ ಸೀಮೆಯಲ್ಲಿ ಕಲ್ಲನ್ನು ಹಾಳೆಯಂತೆ ಎಬ್ಬಿಸುವ ಬಗೆಯನ್ನು ಕೈಸನ್ನೆಯಲ್ಲೇ ವಿವರಿಸಿದರು. ಗೋಡೆಯ ಎರಡು ಮೈಗಳ ನಡುವೆ ಸಣ್ಣ ಕಲ್ಲು ತುಂಬಿ, ನಡುನಡುವೆ ಎರಡೂ ಮೈ ಹಿಡಿಯುವಂತೆ ಉದ್ದನೆಯ ಕಲ್ಲು ಅಡ್ಡ ಹಾಕಬೇಕೆಂದು ಆತ ತೋರಿಸಿದ. ಗೆಳೆಯರು ಒಂದು ಕಲ್ಲು ಎತ್ತಿಕೊಟ್ಟರು. ಚಹಾ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆತನ ಮಾತಿನಲ್ಲಿ ಗಡಸಿತ್ತು, ಅವಮಾನವಿರಲಿಲ್ಲ. ಅನುಮತಿ ಕೊಟ್ಟವನಾಗಿದ್ದರೆ ಆತ ನಮ್ಮಿಂದ ಕೃತಜ್ಞತೆ ನಿರೀಕ್ಷಿಸುತ್ತಿದ್ದ. ನಾವು ಕೈಕಟ್ಟಿ ನಿಂತು ತಲೆಯಾಡಿಸುತ್ತಿದ್ದೆವು. ಹಕ್ಕು ನಡುವೆ ನಿಂತದ್ದರಿಂದ ಇಬ್ಬರ ಕಡೆಯೂ ಹೊರೆ ಇಳಿದಿತ್ತು. ಆತ ದೊಡ್ಡಮನಸ್ಸಿನವನಾಗಬೇಕಿರಲಿಲ್ಲ, ನಾವು ಸಣ್ಣವರಾಗಬೇಕಿರಲಿಲ್ಲ. ಉಳಿದದ್ದು ಗೇಟು ಮತ್ತು ಕುರಿ. ಅವುಗಳ ಬಗ್ಗೆ ಸಮಾನರಾಗಿ ಮಾತಾಡಬಹುದಿತ್ತು. ನಮ್ಮಲ್ಲಿ ವಿನಯವನ್ನೂ ದೈನ್ಯವನ್ನೂ ಒಂದೇ ಚೀಲದಲ್ಲಿ ತುಂಬುವ ಅಭ್ಯಾಸವಿದೆ. ದೈನ್ಯ ಬೇಡುವವನಿಂದ ಸುಲಿಗೆಯಾಗುವಂಥದು. ವಿನಯ, ಬೇಡಬೇಕಾಗಿಲ್ಲದವನು ತಾನಾಗಿ ತೋರುವಂಥದು. ‘ನನಗೆ ಹಕ್ಕಿದೆ’ ಎಂದು ಗೇಟು ತೆರೆದಿಟ್ಟು ಹೋಗುವವನಲ್ಲಿ ವಿನಯವಿಲ್ಲ. ‘ಹೊರಗೆ ಹಾಕಿಯಾರು’ ಎಂಬ ಭಯಕ್ಕೆ ಗೇಟು ಮುಚ್ಚುವವನಲ್ಲೂ ಇರುವುದು ವಿನಯವಲ್ಲ.

*

ಇದಕ್ಕೆ ಎರಡು ಆಕ್ಷೇಪಗಳಿವೆ. ಎರಡೂ ಹಗುರವಲ್ಲ.

ಮೊದಲನೆಯದು ಒಡೆಯನ ಪರವಾದದ್ದು. ಸುಮ್ಮನೆ ನೋಡಿಕೊಂಡಿದ್ದ ಒಳ್ಳೆಯವನು ಇಪ್ಪತ್ತು ವರ್ಷಕ್ಕೆ ಹಕ್ಕು ಕಳೆದುಕೊಳ್ಳುತ್ತಾನೆ. ಮೊದಲ ದಿನವೇ ಬೈದು ಓಡಿಸಿದವನು ಉಳಿಸಿಕೊಳ್ಳುತ್ತಾನೆ. ಹಾಗಾದರೆ ಈ ಕಾನೂನು ಸಿಡುಕರನ್ನು ಸಾಕುವುದಿಲ್ಲವೆ? ಇಂಗ್ಲೆಂಡಿನಲ್ಲಿ ಈ ಭಯ ಇದೆ. ಅದಕ್ಕೇ ಕೆಲವು ದಾರಿಗಳ ಬಾಯಲ್ಲಿ ‘ಇದು ಅನುಮತಿಯ ದಾರಿ, ಸಾರ್ವಜನಿಕ ಹಕ್ಕಲ್ಲ’ ಎಂಬ ಫಲಕ ಇರುತ್ತದೆ. ಇನ್ನು ಕೆಲವರು ವರ್ಷದಲ್ಲಿ ಒಂದು ದಿನ ಮಾತ್ರ ದಾರಿ ಮುಚ್ಚುತ್ತಾರೆ. ಉಳಿದ 364 ದಿನ ನೀವು ನಡೆದದ್ದು ನನ್ನ ದಯೆಯಿಂದ ಎಂದು ನೆನಪಿಸಲು. 1999ರಲ್ಲಿ ಸನಿಂಗ್‌ವೆಲ್ ಎಂಬ ಹಳ್ಳಿಯ ಬಯಲಿನ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ ಈ ಗಂಟು ಬಿಡಿಸಬೇಕಾಯಿತು. ಒಡೆಯ ಸಹಿಸಿಕೊಂಡು ಸುಮ್ಮನಿದ್ದ ಎಂಬ ಮಾತ್ರಕ್ಕೆ ಅದು ಅನುಮತಿಯಾಗುವುದಿಲ್ಲ, ನಡೆಯುವವರು ತಮಗೆ ಹಕ್ಕಿದೆಯೆಂದು ನಂಬಿ ನಡೆಯಬೇಕಾಗಿಯೂ ಇಲ್ಲ, ಹಕ್ಕಿರುವವರಂತೆ ರಾಜಾರೋಷವಾಗಿ ನಡೆದರೆ ಸಾಕು ಎಂದಿತು ಪೀಠ.

ನನಗೆ ಕಾಣುವ ಉತ್ತರ ಇದು. ಒಳ್ಳೆಯ ಒಡೆಯನ ಒಳ್ಳೆಯತನ ದೊಡ್ಡದೇ. ಆದರೆ ಅದು ಅವನ ಜೊತೆಗೇ ಸಾಯುತ್ತದೆ. ನಮ್ಮೂರಿನಲ್ಲಿ ಶಾಲೆಗೆ ಹೋಗುವ ದಾರಿ ಎರಡು ಅಡಿಕೆ ತೋಟ, ಮೂರು ಮನೆಗಳ ಅಂಗಳ ಹಾದುಹೋಗುತ್ತಿತ್ತು. ಬೇಸಿಗೆಯಲ್ಲಿ ಕರೆದು ಮಜ್ಜಿಗೆ ಕೊಡುತ್ತಿದ್ದ ಮನೆಗಳವು. ಮುಂದಿನ ತಲೆಮಾರಿಗೆ ಒಂದು ತೋಟ ಮಾರಾಟವಾಯಿತು. ಕೊಂಡವರು ತಂತಿಬೇಲಿ ಹಾಕಿಸಿ ಗೇಟಿಗೆ ಬೀಗ ಜಡಿದರು. ಕಾಗದದ ಪ್ರಕಾರ ಅವರು ಕೊಂಡದ್ದು ತೋಟ. ಮಜ್ಜಿಗೆಯ ನೆನಪು ಕ್ರಯಪತ್ರದಲ್ಲಿ ಇರಲಿಲ್ಲ. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಹೆಣ ಹೊತ್ತವರು ಸ್ಮಶಾನದ ದಾರಿಯಲ್ಲಿ ಬೇಲಿಯ ಮುಂದೆ ನಿಲ್ಲಬೇಕಾಗಿ ಬರುವುದೂ ಹೀಗೆಯೇ: ‘ಹಿಂದಿನ ಗೌಡರು ಬಿಟ್ಟಿದ್ದರು’ ಎಂಬುದನ್ನು ಬಿಟ್ಟು ಬೇರೆ ಆಧಾರ ಅವರ ಕೈಯಲ್ಲಿರುವುದಿಲ್ಲ. ದಯೆಯನ್ನು ಹಕ್ಕಾಗಿ ಮಾಡುವುದೆಂದರೆ ದಯಾವಂತನಿಗೆ ಅನ್ಯಾಯ ಮಾಡುವುದಲ್ಲ. ಅವನು ಸತ್ತ ಮೇಲೂ ಅವನ ಮಜ್ಜಿಗೆ ಹುಳಿಯದಂತೆ ನೋಡಿಕೊಳ್ಳುವುದು.

ನಮ್ಮಲ್ಲೂ ಕಾನೂನಿದೆ. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯಿದೆ, ಒಬ್ಬರ ಜಮೀನಿನ ಮೂಲಕ ಇನ್ನೊಬ್ಬರು ತಮ್ಮ ಜಮೀನಿಗೆ ಹೋಗುವ ದಾರಿಯನ್ನು ಶಾಂತವಾಗಿ, ಬಹಿರಂಗವಾಗಿ, ಹಕ್ಕೆಂಬಂತೆ, ಅಡ್ಡಿಯಿಲ್ಲದೆ ಇಪ್ಪತ್ತು ವರ್ಷ ಬಳಸಿದ್ದರೆ ಅದನ್ನು ಹಕ್ಕೆಂದು ಒಪ್ಪುತ್ತದೆ. ಅದೇ ಇಪ್ಪತ್ತು ವರ್ಷ, ಅದೇ ‘ಹಕ್ಕೆಂಬಂತೆ’. ಹಳೆಯ ಸರ್ವೆಯಲ್ಲಿ ಗುರುತಾದದ್ದನ್ನು ನಮ್ಮ ಕಂದಾಯ ಇಲಾಖೆ ‘ನಕಾಶೆ ಕಂಡ ದಾರಿ’ ಅನ್ನುತ್ತದೆ. ಕಣ್ಣಿಗೆ ಕಂಡದ್ದಲ್ಲ, ನಕಾಶೆ ಕಂಡದ್ದು! ನಕಾಶೆ ಕಾಣದ ದಾರಿಗಳ ಪಾಡು ಊರಿನ ದೊಡ್ಡವರ ಮರ್ಜಿಗೆ ಬಿಟ್ಟದ್ದು. ಪುಣೆಗೆ ಬಂದ ಮೇಲೆ ಮರಾಠಿಯಲ್ಲಿ ಇಂಥ ದಾರಿಗೆ ‘ವಹಿವಾಟೀಚಾ ರಸ್ತಾ’ ಅನ್ನುವುದನ್ನು ಕೇಳಿದೆ. ನಾವು ವಹಿವಾಟು ಎಂದರೆ ವ್ಯಾಪಾರ ಅಂದುಕೊಳ್ಳುತ್ತೇವೆ. ಮರಾಠಿಯ ‘ವಹಿವಾಟ್’ ಎಂದರೆ ರೂಢಿಯ ಬಳಕೆ. ದುಡ್ಡಿಲ್ಲದೆ, ಕಾಲಿನಿಂದ ನಡೆಸುವ ವಹಿವಾಟು.

*

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ರೂಢಿಯಿಂದ ಹಕ್ಕು ಹುಟ್ಟುತ್ತದೆ ಅನ್ನುವುದಾದರೆ, ಯಾರು ನಡೆಯಬಾರದು ಎಂಬುದೂ ರೂಢಿಯೇ ಆಗಿದ್ದ ನೆಲ ನಮ್ಮದು. ಇಪ್ಪತ್ತು ವರ್ಷ ನಡೆದದ್ದು ದಾರಿಯನ್ನು ಕಟ್ಟಿಕೊಡುವುದಾದರೆ, ನೂರಾರು ವರ್ಷ ನಡೆಯಲು ಬಿಡದಿದ್ದದ್ದು ಏನನ್ನು ಕಟ್ಟಿಕೊಡಬೇಕು?

ಪುಣೆಯಿಂದ ಘಟ್ಟ ಇಳಿದರೆ ಮಹಾಡ್ ಸಿಗುತ್ತದೆ. ಅಲ್ಲಿನ ಚವದಾರ್ ಕೆರೆ ಪುರಸಭೆಯದು. ಸಾರ್ವಜನಿಕ ಜಲಾಶಯಗಳು ಎಲ್ಲರಿಗೂ ತೆರೆದಿರಬೇಕೆಂದು 1923ರಲ್ಲಿ ಮುಂಬೈ ಶಾಸನಸಭೆ ನಿರ್ಣಯ ಮಾಡಿತ್ತು. ಪುರಸಭೆಯೂ ಅದನ್ನು ಒಪ್ಪಿತ್ತು. ಕಾಗದದ ಮೇಲೆ ಹಕ್ಕಿತ್ತು, ಯಾರೂ ಬಳಸಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರ ಹಿಂದೆ ಸಾವಿರಾರು ಜನ ಕೆರೆಗೆ ನಡೆದುಹೋಗಿ ನೀರು ಕುಡಿದರು. ಬಲಪ್ರಯೋಗವಿಲ್ಲ, ಕದ್ದುಮುಚ್ಚಿಯೂ ಅಲ್ಲ, ಅನುಮತಿ ಬೇಡಿಯೂ ಅಲ್ಲ. ಅವರ ಮೇಲೆ ಹಲ್ಲೆಯಾಯಿತು, ಕೆರೆಗೆ ‘ಶುದ್ಧಿ’ ನಡೆಯಿತು. ಸವರ್ಣರು ನ್ಯಾಯಾಲಯಕ್ಕೆ ಹೋದರು. ಅವರ ವಾದ, ಅಸ್ಪೃಶ್ಯರನ್ನು ಹೊರಗಿಡುವುದು ಅನಾದಿ ಕಾಲದ ರೂಢಿ ಎಂಬುದು. ಹತ್ತು ವರ್ಷಗಳ ಮೇಲೆ, 1937ರಲ್ಲಿ, ಬಾಂಬೆ ಹೈಕೋರ್ಟ್ ಆ ರೂಢಿ ಅನಾದಿಯೆಂದು ಸಾಬೀತಾಗಿಲ್ಲ ಎಂದು ಅವರ ವಾದವನ್ನು ತಳ್ಳಿಹಾಕಿತು.

ಮಹಾಡ್‌ನ ಪಕ್ಕ ಇಂಗ್ಲೆಂಡಿನ ಯಾವ ಕಾಲುದಾರಿಯನ್ನೂ ಇಟ್ಟು ತೂಗಲಾಗದು. ವೈಟ್ ಪೀಕ್‌ನ ಉತ್ತರಕ್ಕೆ ಕಿಂಡರ್ ಸ್ಕೌಟ್ ಎಂಬ ಬೆಟ್ಟವಿದೆ. ಗ್ರೌಸ್ ಹಕ್ಕಿಯ ಬೇಟೆಗೆಂದು ಒಡೆಯರು ಅದನ್ನು ಮುಚ್ಚಿಟ್ಟಿದ್ದರು. 1932ರ ಏಪ್ರಿಲ್ 24ರಂದು ಬೆನ್ನಿ ರಾಥ್‌ಮನ್ ಎಂಬ ಇಪ್ಪತ್ತರ ಯುವಕನ ಮುಂದಾಳತ್ವದಲ್ಲಿ ಕಾರ್ಖಾನೆಯ ಊರುಗಳ ಸುಮಾರು ನಾನೂರು ಜನ ಅದನ್ನು ಹತ್ತಿದರು. ಐವರಿಗೆ ಎರಡರಿಂದ ಆರು ತಿಂಗಳ ಸೆರೆವಾಸವಾಯಿತು. 2002ರಲ್ಲಿ, ಎಪ್ಪತ್ತನೆಯ ವರ್ಷದ ನೆನಪಿನ ದಿನ, ಆ ಬೆಟ್ಟದ ಒಡೆಯನ ಮೊಮ್ಮಗ ಡೆವನ್‌ಶೈರ್‌ನ ಡ್ಯೂಕ್ ತನ್ನ ತಾತನ ನಡವಳಿಕೆಗೆ ಬಹಿರಂಗವಾಗಿ ಕ್ಷಮೆ ಕೇಳಿದರು. ಅಲ್ಲಿ ಕಳೆದುಕೊಂಡಿದ್ದದ್ದು ಭಾನುವಾರದ ಗಾಳಿ. ಮಹಾಡ್‌ನಲ್ಲಿ ಮನುಷ್ಯರೆನ್ನಿಸಿಕೊಳ್ಳುವುದೇ ಪಣವಾಗಿತ್ತು. ಆದರೂ ಎರಡೂ ಕಡೆಯಿಂದ ಒಂದು ಮಾತು ಕಲಿಯಬಹುದು: ನಡೆಯಗೊಡುವ ರೂಢಿಯೂ ನಡೆಯಗೊಡದ ರೂಢಿಯೂ ಒಂದೇ ತೂಕದವಲ್ಲ. ಒಬ್ಬ ನಡೆದ ದಾರಿಯಲ್ಲಿ ಇನ್ನೊಬ್ಬನೂ ನಡೆಯಬಹುದು, ದಾರಿ ಖರ್ಚಾಗುವುದಿಲ್ಲ. ತಡೆಯುವ ರೂಢಿ ಉಳಿಯಬೇಕಾದರೆ ಮಾತ್ರ ದಿನವೂ ಯಾರೋ ಒಬ್ಬ ಬಡಿಗೆ ಹಿಡಿದು ನಿಂತಿರಬೇಕು. ರೂಢಿ ಎಷ್ಟು ಹಳೆಯದು ಎಂಬುದಕ್ಕಿಂತ, ಅದು ಯಾರನ್ನೂ ಹೊರಗಿಡದೆ ಬದುಕಬಲ್ಲದೆ ಎಂಬುದು ನನಗೆ ಹೆಚ್ಚು ಒಳ್ಳೆಯ ಒರೆಗಲ್ಲಾಗಿ ಕಾಣುತ್ತದೆ.

*

ಮಧ್ಯಾಹ್ನ ಯೂಲ್‌ಗ್ರೇವ್‌ನಲ್ಲಿ ತಂದ ಚಪಾತಿ ತಿಂದೆವು. ಊರ ನಡುವೆ 1829ರಲ್ಲಿ ಕಟ್ಟಿದ ದುಂಡನೆಯ ಕಲ್ಲಿನ ನೀರಿನ ತೊಟ್ಟಿ ಇದೆ. ದೂರದ ಬುಗ್ಗೆಯಿಂದ ಕೊಳವೆಯಲ್ಲಿ ತಂದ ನೀರು. ಅಲ್ಲಿಂದ ಓವರ್ ಹ್ಯಾಡನ್ ಸುತ್ತಿ ಲ್ಯಾತ್‌ಕಿಲ್ ಕಣಿವೆಗೆ ಇಳಿದಾಗ ನದಿ ಜೊತೆಗಿತ್ತು. ಮೇಲಕ್ಕೆ ಹೋದಂತೆ ನೀರು ತೆಳುವಾಗಿ, ಒಂದು ಕಡೆ ಇಲ್ಲವೇ ಆಯಿತು. ಬೇಸಿಗೆ ಬಂತೆಂದರೆ ಸುಣ್ಣಕಲ್ಲಿನ ಬಿರುಕುಗಳಲ್ಲಿ, ಹಳೆಯ ಗಣಿಯ ಕಾಲುವೆಗಳಲ್ಲಿ ಅದು ನೆಲದಡಿಗೆ ಹೋಗಿಬಿಡುತ್ತದೆ. ನೀರಿಲ್ಲದ ಪಾತ್ರದ ಪಕ್ಕ ದಾರಿ ಮಾತ್ರ ಮುಂದುವರಿದಿತ್ತು. ಸಂಜೆ ಮೊನ್ಯಾಶ್ ತಲುಪುವಷ್ಟರಲ್ಲಿ ಗೆಳೆಯರು ತಡಬೆಗಳ ಮುಂದೆ ನಿಲ್ಲುವುದನ್ನು ಬಿಟ್ಟಿದ್ದರು. ಗೇಟು ಹಾಕಿದ ಮೇಲೆ ಒಮ್ಮೆ ಅಲುಗಾಡಿಸಿ ನೋಡುವುದನ್ನು ಮಾತ್ರ ಬಿಟ್ಟಿರಲಿಲ್ಲ.

ನಾವು ಹೊರನಾಡಿನಲ್ಲಿರುವವರು. ನಮ್ಮ ಸಂಘಗಳ ವೇದಿಕೆಯಲ್ಲಿ ‘ಜನ್ಮಭೂಮಿ’, ‘ಕರ್ಮಭೂಮಿ’ ಎಂಬ ಮಾತು ಕೇಳದ ವಾರ್ಷಿಕೋತ್ಸವ ಇಲ್ಲ. ಕರ್ಮಭೂಮಿಗೆ ‘ಆಶ್ರಯ ಕೊಟ್ಟದ್ದಕ್ಕೆ’ ಕೃತಜ್ಞತೆ ಸಲ್ಲಿಸುವುದೂ ಉಂಟು. ಆ ಭಾವ ಸುಳ್ಳಲ್ಲ. ಆದರೆ ಆಶ್ರಯ ಎಂಬ ಪದ ನನ್ನನ್ನು ಕಾಡುತ್ತದೆ. ಅದರೊಳಗೆ ವರ್ಷಕ್ಕೊಂದು ದಿನ ಮುಚ್ಚುವ ಗೇಟು ಇದೆ. ಈ ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಪುಣೆಯಲ್ಲಿ ನಾನಿರುವುದು ಯಾರ ದಯೆಯಿಂದಲೂ ಅಲ್ಲ. ಇದೇ ಮಾತು ಬೆಂಗಳೂರಿಗೆ ಬಂದ ಬಿಹಾರದ ಗಾರೆ ಕೆಲಸದವನಿಗೂ ಸಲ್ಲುತ್ತದೆ. ನನಗೊಂದು ನ್ಯಾಯ, ಅವನಿಗೊಂದು ನ್ಯಾಯ ಇರಲಾರದು. ಹಾಗೆಂದು ನಾನು ಮರಾಠಿ ಕಲಿಯಬೇಕಾಗಿಲ್ಲ ಎಂದಲ್ಲ. ಕಲಿತಿದ್ದೇನೆ. ಅದು ಗೇಟು ಮುಚ್ಚಿದ ಹಾಗೆ: ಹಕ್ಕಿಗೆ ಕೊಟ್ಟ ಬೆಲೆಯಲ್ಲ, ಹಕ್ಕುಳ್ಳವನ ನಡತೆ.

ಈಗ ನಮ್ಮ ಸೊಸೈಟಿಯ ಹಿಂದೆ ಒಂದು ಖಾಲಿ ಜಾಗವಿದೆ. ಅದರಲ್ಲಿ ಓರೆಯಾಗಿ ಒಂದು ಕಾಲುದಾರಿ. ಆಚೆಯ ವಸ್ತಿಯಿಂದ ನಮ್ಮ ಮನೆಗಳಿಗೆ ಕೆಲಸಕ್ಕೆ ಬರುವ ಹೆಂಗಸರು, ಕಾವಲುಗಾರರು, ಶಾಲೆಯ ಮಕ್ಕಳು ನಡೆದು ಮಾಡಿದ ದಾರಿ. ನಾನು ಇಲ್ಲಿಗೆ ಬರುವ ಮೊದಲಿನಿಂದಲೂ ಇದೆ. ಇತ್ತೀಚೆಗೆ ಅಲ್ಲಿ ‘ಖಾಸಗಿ ಜಾಗ’ ಎಂಬ ಬೋರ್ಡು ಬಂದಿದೆ, ಬೇಲಿಯ ಕಂಬಗಳೂ ಬಂದಿವೆ. ಬೇಲಿ ಬಿದ್ದರೆ ಅವರು ಮುಖ್ಯರಸ್ತೆ ಸುತ್ತಿ ಬರಬೇಕು. ಸೊಸೈಟಿಯ ಸಭೆಯಲ್ಲಿ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟರು: ಜಾಗದವರ ಜೊತೆ ಮಾತಾಡೋಣ, ನಮ್ಮ ಕೆಲಸದವರಿಗೆಲ್ಲ ಪಾಸ್ ಮಾಡಿಸಿಕೊಡೋಣ. ಹಲವರು ತಲೆಯಾಡಿಸಿದರು. ಪಾಸ್ ಕೊಟ್ಟ ಮರುಕ್ಷಣ ಅದು ಅವರ ದಾರಿಯಾಗಿ ಉಳಿಯುವುದಿಲ್ಲ, ನಾವು ಕೊಡಿಸಿದ ಉಪಕಾರವಾಗುತ್ತದೆ; ಕೆಲಸ ಬಿಟ್ಟವಳ ಪಾಸನ್ನು ಮೊದಲು ವಾಪಸು ಕೇಳುತ್ತೇವೆ ಎಂದೆ. ಪಾಸ್ ಬೇಡ, ಬೇಲಿಯಲ್ಲಿ ಒಬ್ಬರು ತೂರುವಷ್ಟು ಕಿಂಡಿ ಬಿಡುವಂತೆ ಕೇಳೋಣ, ಎಷ್ಟು ವರ್ಷದಿಂದ ಜನ ನಡೆಯುತ್ತಿದ್ದಾರೆಂದು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳೋಣ ಎಂದೆ. ಕಾನೂನಿನ ಉಸಾಬರಿ ನಮಗೇಕೆ ಎಂದರು ಕೆಲವರು. ವಿಷಯ ಮುಂದಿನ ತಿಂಗಳ ಸಭೆಗೆ ಹೋಗಿದೆ.

ಕಂಬಗಳಿಗೆ ಇನ್ನೂ ತಂತಿ ಬಿಗಿದಿಲ್ಲ. ಬೆಳಿಗ್ಗೆ ಆರೂವರೆಗೆ ಬಾಲ್ಕನಿಯಲ್ಲಿ ನಿಂತರೆ ಅವರು ಒಬ್ಬರ ಹಿಂದೊಬ್ಬರಾಗಿ, ಬೋರ್ಡಿನ ಪಕ್ಕದಲ್ಲೇ, ಜೋರಾಗಿ ಮಾತಾಡುತ್ತ ಬರುವುದು ಕಾಣುತ್ತದೆ.